ಕ್ಯಾಂಪಸ್ ಸೇವೆ, ಮೊಬೈಲ್ ಸೇವೆ ಮತ್ತು ಒಂದು ಬಾಡಿಗೆ ಮನೆ: ದಾವಣಗೆರೆಗೆ ಬರುವ ಮಿಷನರಿ ಕುಟುಂಬಕ್ಕೆ ಕೈಪಿಡಿ

ದಾವಣಗೆರೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮುಂಗಡದ ಮಾತಿಗೆ ಮುಂಚೆಯೇ ಒಂದು ಪ್ರಶ್ನೆ ಬರುತ್ತದೆ: "ನಿಮ್ಮ ಯಜಮಾನ್ರು ಏನ್ ಕೆಲಸ ಮಾಡ್ತಾರ್ರೀ?" ಹನ್ನೊಂದು ವರ್ಷಗಳ ಹಿಂದೆ ಈ ಊರಿಗೆ ಬಂದಾಗ ನಾವು ಕೊಟ್ಟ ಉತ್ತರ, "ಒಂದು ಎನ್‌ಜಿಒದಲ್ಲಿ ಇದ್ದಾರೆ" ಎಂಬುದಾಗಿತ್ತು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಸಂಜೆ ಹತ್ತು ಹನ್ನೆರಡು ವಿದ್ಯಾರ್ಥಿಗಳು ಕುಳಿತು ಹಾಡುತ್ತಿರುವಾಗ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಅಂದು ಅವರಿಗೆ ಸಮಜಾಯಿಷಿ ಕೊಡಲು ತಗುಲಿದ ಹೊತ್ತು, ಮೊದಲ ದಿನವೇ ನಿಜ ಹೇಳಿದ್ದರೆ ತಗುಲುತ್ತಿದ್ದ ಹೊತ್ತಿನ ಹತ್ತು ಪಟ್ಟು. ಆ ಮನೆಯನ್ನು ಬಿಡಬೇಕಾಯಿತು.

ಎರಡನೆಯ ಸಲ ಮನೆ ಹುಡುಕುವಾಗ ನಾವು ಹೊಸ್ತಿಲಲ್ಲೇ ಎಲ್ಲವನ್ನೂ ಹೇಳಿದೆವು. ನಾವು ಕ್ರೈಸ್ತ ಸೇವಕರು, ಕಾಲೇಜಿನ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ, ಸತ್ಯವೇದ (ಬೈಬಲ್) ಓದುತ್ತೇವೆ, ಭಾನುವಾರ ಸಂಜೆ ಐದರಿಂದ ಏಳೂವರೆಯ ತನಕ ಹಾಡು ಇರುತ್ತದೆ, ಗೇಟಿನ ಮುಂದೆ ಚಪ್ಪಲಿಗಳು ಬಿದ್ದಿರುತ್ತವೆ ಎಂದು ತಿಳಿಸಿದೆವು. ಇಬ್ಬರು ಮಾಲೀಕರು ಮರ್ಯಾದೆಯಿಂದಲೇ ಆಗುವುದಿಲ್ಲ ಎಂದರು. ಮೂರನೆಯ ಮನೆಯ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಏಳೂವರಿ ಅಂದ್ರ ಏಳೂವರಿ, ನೋಡವ್ವಾ" ಎಂದು ಹೇಳಿ ಬೀಗದ ಕೈ ಕೊಟ್ಟರು. ನಾವು ಇಂದಿಗೂ ಅದೇ ಮನೆಯಲ್ಲಿದ್ದೇವೆ.

ಈ ಕೈಪಿಡಿಯಲ್ಲಿ ಮುಂದೆ ಬರುವ ಎಲ್ಲ ಸಲಹೆಗಳೂ ಆ ಅನುಭವದಿಂದ ಹುಟ್ಟಿದ ಒಂದೇ ನಿಯಮದ ಕವಲುಗಳು. ಮನೆಯ ಮಾಲೀಕರು, ಕಾಲೇಜಿನ ಪ್ರಾಂಶುಪಾಲರು, ವಿದ್ಯಾರ್ಥಿಯ ತಂದೆತಾಯಿ ಮತ್ತು ನಮ್ಮ ಸ್ವಂತ ಮಕ್ಕಳು, ಈ ನಾಲ್ವರ ಎದುರು ಬಾಯಿಬಿಟ್ಟು ಹೇಳಲಾಗದ ಯಾವ ಕೆಲಸವನ್ನೂ ಸೇವೆಯ ಹೆಸರಿನಲ್ಲಿ ಮಾಡಬಾರದು.

ಊರನ್ನು ಅರಿಯುವುದು

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಅದು ಚಿತ್ರದುರ್ಗ ಜಿಲ್ಲೆಯ ಭಾಗ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರು ಗಿರಣಿಗಳು ಮುಚ್ಚುತ್ತ ಬಂದಂತೆ ಕಾಲೇಜುಗಳ ಊರಾಯಿತು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದು, ಜೆಜೆಎಂ ವೈದ್ಯಕೀಯ ಕಾಲೇಜು 1965ರದು, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರದು, ತೋಳಹುಣಸೆಯ ಬಳಿಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯ 2009ರದು. ಇವುಗಳ ಸುತ್ತ ನರ್ಸಿಂಗ್, ಫಾರ್ಮಸಿ, ಡಿಪ್ಲೊಮಾ ಮತ್ತು ಪಿಯು ಕಾಲೇಜುಗಳು ಬೆಳೆದಿವೆ. ಜಗಳೂರು, ಹೊನ್ನಾಳಿ, ಹರಪನಹಳ್ಳಿ, ಹೊಸದುರ್ಗಗಳ ಹಳ್ಳಿಗಳಿಂದ ಬಂದು ಸರ್ಕಾರಿ ಹಾಸ್ಟೆಲಿನಲ್ಲಿ ಇರುವವರು ಒಂದು ಬಗೆ. ಕೇರಳದಿಂದ ನರ್ಸಿಂಗ್ ಓದಲು ಬಂದು ಪಿ.ಜಿ.ಯಲ್ಲಿ ಇರುವವರು ಇನ್ನೊಂದು ಬಗೆ. ಪೇಟೆಯಲ್ಲೇ ಹುಟ್ಟಿ ಬೆಳೆದವರು ಮತ್ತೊಂದು ಬಗೆ. ಮೂವರಿಗೂ ಒಂದೇ ಕೂಟ ಸಾಕೆಂದು ಹೊರಟರೆ ಇಂಗ್ಲಿಷ್ ಬಲ್ಲವರೇ ಮಾತನಾಡುತ್ತಾರೆ, ಹಳ್ಳಿಯ ಹುಡುಗರು ಗೋಡೆಗೆ ಒರಗಿ ಕುಳಿತಿರುತ್ತಾರೆ. ಆದ್ದರಿಂದ ಕನ್ನಡದ ಗುಂಪನ್ನು ಮೊದಲು ಕಟ್ಟಿರಿ. ಮಲಯಾಳಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ತಮ್ಮದೇ ಸಭೆಯ (ಚರ್ಚಿನ) ನಂಟು ಇರುತ್ತದೆ. ಅವರಿಗೆ ಬೇಕಾಗುವುದು ಹೆಚ್ಚಾಗಿ ಮನೆಯೂಟ ಮತ್ತು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬರುವ ಒಬ್ಬ ಅಕ್ಕ.

ಊರಿನ ಪಂಚಾಂಗವನ್ನೂ ಕಾಲೇಜಿನ ವೇಳಾಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ವರ್ಷವನ್ನು ಯೋಜಿಸಬೇಕು. ಇಂಟರ್ನಲ್ಸ್ ವಾರದಲ್ಲಿ ಯಾರೂ ಬರುವುದಿಲ್ಲ, ಬರಬಾರದು ಕೂಡ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಮನೆಮನೆಯಲ್ಲೂ ನೆಂಟರು ತುಂಬಿರುತ್ತಾರೆ. ಆ ದಿನಗಳಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳುವುದು ಅವಿವೇಕ. ನೆರೆಯವರು ಊಟಕ್ಕೆ ಕರೆದರೆ ಹೋಗಿರಿ. ಎಡೆ ಇಟ್ಟ ಅಡುಗೆಯ ವಿಷಯದಲ್ಲಿ ನಿಮಗೆ ಮನಸ್ಸಾಕ್ಷಿಯ ತೊಡಕಿದ್ದರೆ ಅದನ್ನು ಮುಂಚಿತವಾಗಿ, ತಗ್ಗಿದ ದನಿಯಲ್ಲಿ, ಮನೆಯೊಡತಿಗೆ ಮಾತ್ರ ಹೇಳಿರಿ. ನೆಪ ಹೇಳಿ ತಪ್ಪಿಸಿಕೊಂಡವರನ್ನು ಈ ಊರು ಬೇಗ ಗುರುತಿಸುತ್ತದೆ, ನಿಜ ಹೇಳಿದವರನ್ನು ಮರು ಜಾತ್ರೆಗೂ ಕರೆಯುತ್ತದೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಜಾತಿ ಮತಗಳ ಜನರೂ ಹೋಗುತ್ತಾರೆ. ನಿಮ್ಮ ಸಭೆಯ ಸಂಪ್ರದಾಯ ಬೇರೆಯಾಗಿದ್ದರೂ ಒಮ್ಮೆ ಹೋಗಿ ನೋಡಿದರೆ ಈ ಸೀಮೆಯವರಿಗೆ ಕ್ರೈಸ್ತರೆಂದರೆ ಯಾವ ಚಿತ್ರ ಕಣ್ಣಿಗೆ ಬರುತ್ತದೆ ಎಂಬುದು ತಿಳಿಯುತ್ತದೆ.

ಮನೆಯ ಬಾಗಿಲು

ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಗುಡಾರ ಹೊಲಿಯುವ ದಂಪತಿಗಳಾದ ಅಕ್ವಿಲ ಮತ್ತು ಪ್ರಿಸ್ಕಿಲ್ಲ, ಚೆನ್ನಾಗಿ ಮಾತನಾಡಬಲ್ಲ ಆದರೆ ಅರೆಬರೆ ತಿಳಿದಿದ್ದ ಅಪೊಲ್ಲೋಸನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸುತ್ತಾರೆ. ಕ್ಯಾಂಪಸ್ ಸೇವೆಗೆ ಇದಕ್ಕಿಂತ ಹತ್ತಿರದ ಚಿತ್ರ ನನಗೆ ಗೊತ್ತಿಲ್ಲ. ವೇದಿಕೆ, ಮೈಕು, ಬ್ಯಾನರುಗಳಿಗಿಂತ ಅಡುಗೆಮನೆಯ ಪಕ್ಕದ ಚಾಪೆಯ ಮೇಲೆ ನಡೆಯುವ ಮಾತಿನಲ್ಲೇ ವಿದ್ಯಾರ್ಥಿ ತನ್ನ ನಿಜವಾದ ಪ್ರಶ್ನೆಯನ್ನು ಕೇಳುತ್ತಾನೆ.

ನಮ್ಮ ಭಾನುವಾರ ಹೀಗಿರುತ್ತದೆ. ನಾಲ್ಕೂವರೆಗೆ ದೊಡ್ಡ ಪಾತ್ರೆ ತುಂಬ ಮಂಡಕ್ಕಿಯನ್ನು ನೀರಿಗೆ ಹಾಕಿ, ಮೆತ್ತಗಾಗುತ್ತಲೇ ಹಿಂಡಿ ತೆಗೆಯುತ್ತೇನೆ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಹಾಕಿ, ಇಳಿಸುವ ಹೊತ್ತಿಗೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡುತ್ತೇನೆ. ಮೂಲೆಯ ಗಾಡಿಯಿಂದ ಮಿರ್ಚಿ ತರುವ ಕೆಲಸ ಮೊದಲು ಬಂದ ಹುಡುಗನದು. ಹಳೆಯ ಪೇಪರಿನ ಮೇಲೆ ಮಂಡಕ್ಕಿ ಹಾಕಿಕೊಂಡು ಎಲ್ಲರೂ ನೆಲದ ಮೇಲೆ ಕೂರುತ್ತಾರೆ. ಅರ್ಧ ಗಂಟೆ ಬರೀ ಮಾತು, ಒಂದು ಗಂಟೆ ಸತ್ಯವೇದದ ಒಂದು ಭಾಗದ ಓದು ಮತ್ತು ಪ್ರಶ್ನೆ, ಉಳಿದ ಹೊತ್ತು ಹಾಡು ಮತ್ತು ಪ್ರಾರ್ಥನೆ. ಏಳೂವರೆಗೆ ಗಿಟಾರು ಚೀಲಕ್ಕೆ ಸೇರುತ್ತದೆ. ಮಾಲೀಕರಾದ ಅಜ್ಜಿಗೆ ಒಂದು ತಟ್ಟೆ ಮಂಡಕ್ಕಿ ಪ್ರತಿ ವಾರವೂ ಕೆಳಗೆ ಹೋಗುತ್ತದೆ. ಒಮ್ಮೆ ಅವರು ಚಪ್ಪಲಿಗಳ ರಾಶಿಯನ್ನು ನೋಡುತ್ತ, "ಇದೂ ಒಂದು ದಾಸೋಹನೇ ಬಿಡವ್ವಾ" ಎಂದರು. ಶರಣರ ಮಾತು ಮನೆಮಾತಾಗಿರುವ ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನಮಗೆ ಸಿಕ್ಕಿಲ್ಲ. ಆದರೆ ಇಲ್ಲೊಂದು ಎಚ್ಚರವಿದೆ: ಅವರು ಕೊಟ್ಟ ಪದವನ್ನು ವಿನಯದಿಂದ ಸ್ವೀಕರಿಸಬಹುದೇ ಹೊರತು, ವಚನಗಳ ಸಾಲುಗಳನ್ನು ಕಿತ್ತು ತಂದು ನಮ್ಮ ಬೋಧನೆಗೆ ಸಾಕ್ಷಿಯಾಗಿ ನಿಲ್ಲಿಸಬಾರದು. ಆ ವಚನಗಳನ್ನು ಕೇಳಿ ಬೆಳೆದವರಿಗೆ ಅದು ಕಳ್ಳತನದಂತೆಯೇ ಕಾಣುತ್ತದೆ.

ಬಿರಿಯಾನಿ ಮಾಡದೆ ಮಂಡಕ್ಕಿ ಮಾಡುವುದಕ್ಕೆ ಕಾರಣಗಳಿವೆ. ಅದನ್ನು ಎಲ್ಲರೂ ತಿನ್ನುತ್ತಾರೆ, ನಮ್ಮ ಜೇಬಿಗೂ ಹಗುರ, ಮತ್ತು ಮಂಡಕ್ಕಿ ಕೊಟ್ಟು ಜನರನ್ನು ಮರುಳು ಮಾಡಿದರು ಎಂದು ದಾವಣಗೆರೆಯಲ್ಲಿ ಯಾರೂ ದೂರು ಕೊಡಲಾರರು.

ಬಾಗಿಲು ತೆರೆಯುವುದಕ್ಕೆ ಇರುವಷ್ಟೇ ಕಟ್ಟುಪಾಡು ಮುಚ್ಚುವುದಕ್ಕೂ ಇರಬೇಕು. ವಿದ್ಯಾರ್ಥಿನಿಯರು ಬಂದಾಗ ನನ್ನ ಗಂಡ ಒಬ್ಬರೇ ಮನೆಯಲ್ಲಿರುವುದಿಲ್ಲ. ಹುಡುಗರು ಬಂದಾಗ ನಾನೊಬ್ಬಳೇ ಇರುವುದಿಲ್ಲ. ಮಾತುಕತೆ ನಡೆಯುವ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಲೇಡೀಸ್ ಹಾಸ್ಟೆಲಿನ ಗೇಟು ಮುಚ್ಚುವ ಸಮಯವನ್ನು ಗೋಡೆಗೆ ಬರೆದು ಹಾಕಿದ್ದೇವೆ. ಮಲಗುವ ಕೋಣೆಗೆ ಅತಿಥಿಗಳು ಹೋಗುವಂತಿಲ್ಲ, ಏಕೆಂದರೆ ಅದು ಮಕ್ಕಳ ಓದಿನ ಕೋಣೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ. ಮೊದಲ ಎರಡು ವರ್ಷ ನಮಗೆ ಸೋಮವಾರವೇ ಇರಲಿಲ್ಲ. ಯಾವ ಹೊತ್ತಿಗೆ ಯಾರು ಬಂದರೂ ಚಹಾ ಇಡುತ್ತಿದ್ದೆ, ಅದನ್ನೇ ಅತಿಥಿಸತ್ಕಾರ ಎಂದು ತಿಳಿದಿದ್ದೆ. ಕೊನೆಗೆ ಒಂದು ದಿನ ಕಾಲಿಂಗ್ ಬೆಲ್ ಸದ್ದಾದಾಗ ನಾನು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು, ಮನೆಯಲ್ಲಿ ಇಲ್ಲದವಳಂತೆ ನಿಂತೆ. ಬಚ್ಚಿಟ್ಟುಕೊಳ್ಳುವುದಕ್ಕಿಂತ "ಸೋಮವಾರ ಬರಬೇಡಿ" ಎಂದು ಮುಖಕ್ಕೆ ಹೇಳುವುದು ಎಷ್ಟೋ ಮೇಲು ಎಂದು ಅಂದು ಗೊತ್ತಾಯಿತು. ವಿದ್ಯಾರ್ಥಿಗಳು ಅದನ್ನು ಸುಲಭವಾಗಿ ಒಪ್ಪಿಕೊಂಡರು.

ಕಾಲೇಜಿನ ಗೇಟು ಮತ್ತು ಕಾನೂನು

ಲಿಖಿತ ಅನುಮತಿ ಇಲ್ಲದೆ ಕ್ಯಾಂಪಸ್ಸಿನೊಳಗೆ ಯಾವ ಕೂಟವನ್ನೂ ನಡೆಸಬೇಡಿರಿ, ಕರಪತ್ರ ಹಂಚಬೇಡಿರಿ, ಹಾಸ್ಟೆಲಿನ ಕೋಣೆಗಳ ಬಾಗಿಲು ತಟ್ಟಬೇಡಿರಿ. ಪ್ರಾಂಶುಪಾಲರನ್ನು ಒಮ್ಮೆ ಭೇಟಿಯಾಗಿ ಹೆಸರು, ವಿಳಾಸ, ಸಭೆಯ ಹೆಸರು ಇರುವ ಪತ್ರವನ್ನು ಕೊಟ್ಟು ಸ್ವೀಕೃತಿ ಪಡೆದುಕೊಂಡರೆ ಸಾಕು. ಅನುಮತಿ ಸಿಗದಿದ್ದರೂ ನೀವು ಯಾರೆಂಬುದು ಅವರಿಗೆ ನಿಮ್ಮ ಬಾಯಿಂದಲೇ ತಿಳಿದಿರುತ್ತದೆ. ಭಾರತದಲ್ಲಿ ವಿದ್ಯಾರ್ಥಿಗಳ ನಡುವಿನ ಕ್ರೈಸ್ತ ಕೆಲಸಕ್ಕೆ ಹಳೆಯ ಪರಂಪರೆ ಇದೆ: ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ, ಯುಇಎಸ್‌ಐ (ಯೂನಿಯನ್ ಆಫ್ ಇವಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) 1954ರಲ್ಲಿ ಆರಂಭವಾದವು. ಇಂತಹ ಸಂಘಟನೆಗಳಲ್ಲಿ ವಿದ್ಯಾರ್ಥಿಗಳೇ ತಮ್ಮ ಸಹಪಾಠಿಗಳ ಗುಂಪನ್ನು ನಡೆಸುತ್ತಾರೆ, ಹಿರಿಯರು ಪಕ್ಕದಲ್ಲಿ ಇರುತ್ತಾರೆ. ಹೊರಗಿನವರು ಒಳನುಗ್ಗುವುದಕ್ಕಿಂತ ಈ ಕ್ರಮವೇ ಹೆಚ್ಚು ಸಹಜವಾದದ್ದು ಮತ್ತು ಹೆಚ್ಚು ಕಾಲ ಬಾಳುವಂಥದ್ದು. ಹೊಸ ಸಂಸ್ಥೆ ಕಟ್ಟುವ ಮೊದಲು ಊರಿನಲ್ಲಿ ಈಗಾಗಲೇ ಯಾರಿದ್ದಾರೆಂದು ವಿಚಾರಿಸಿ, ಅವರೊಡನೆ ಒಂದು ವರ್ಷ ಬರೀ ಕುಳಿತುಕೊಳ್ಳಿರಿ. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿಗಳು ತಂತಮ್ಮ ಸಭೆಗಳಿಗೆ ಹೋಗಲಿ. ನಮ್ಮ ಕೂಟ ಸಂಜೆ ಇರುವುದಕ್ಕೆ ಅದೇ ಕಾರಣ.

ಕಾನೂನಿನ ವಿಷಯವನ್ನು ಭಯದಿಂದಲೂ ಉಡಾಫೆಯಿಂದಲೂ ನೋಡಬಾರದು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಕೊಡುತ್ತದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವವರು 28ನೆಯ ವಿಧಿಯನ್ನೂ ಓದಿಕೊಂಡಿರಬೇಕು: ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೆ ಅವಕಾಶವಿಲ್ಲ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಅಂತಹ ಬೋಧನೆಗೆ ಕೂರಿಸುವಂತಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಬಲವಂತ, ಮೋಸ ಮತ್ತು ಆಮಿಷದ ಮತಾಂತರವನ್ನು ಅಪರಾಧವೆಂದಿತು. ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣಗಳೆಲ್ಲ ಆಮಿಷದ ವ್ಯಾಖ್ಯೆಯೊಳಗೆ ಬಂದವು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕೆಲಸ ಆರಂಭಿಸುವ ಮುನ್ನ ಈ ಕಾಯ್ದೆಯ ಬಗ್ಗೆ ಸ್ಥಳೀಯ ವಕೀಲರೊಬ್ಬರೊಡನೆ ಅರ್ಧ ಗಂಟೆ ಕುಳಿತು ಮಾತನಾಡಿರಿ.

ಕಾಯ್ದೆ ಇರಲಿ ಬಿಡಲಿ, ನಮ್ಮ ಮನೆಯ ಪದ್ಧತಿ ಒಂದೇ. ಫೀಸು ಕಟ್ಟಲಾಗದ ವಿದ್ಯಾರ್ಥಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಲು ನೆರವಾಗುತ್ತೇವೆ; ಕೈಗೆ ಹಣ ಕೊಡುವುದಿಲ್ಲ. 18 ತುಂಬದ ಪಿಯು ವಿದ್ಯಾರ್ಥಿಗಳು ಬರಬೇಕಾದರೆ ತಂದೆ ಅಥವಾ ತಾಯಿ ಒಮ್ಮೆಯಾದರೂ ನಮ್ಮ ಮನೆ ನೋಡಿರಬೇಕು. ರ‍್ಯಾಗಿಂಗ್ ನಡೆದಿದೆಯೆಂದು ಯಾರಾದರೂ ಹೇಳಿಕೊಂಡರೆ 1800-180-5522 ಸಹಾಯವಾಣಿಯನ್ನು ತೋರಿಸುತ್ತೇವೆ. ಬದುಕು ಸಾಕೆಂಬ ಮಾತು ಬಂದರೆ ಪ್ರಾರ್ಥಿಸುತ್ತೇವೆ, ಜೊತೆಗೆ ಅದೇ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುತ್ತೇವೆ, ಅಗತ್ಯವಿದ್ದರೆ ಆಟೊ ಹಿಡಿದು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೇವೆ. ಮನೋವೈದ್ಯರ ಮಾತ್ರೆಯನ್ನು ನಂಬಿಕೆಯ ಕೊರತೆ ಎಂದು ಕರೆಯುವ ಸೇವಕರನ್ನು ನಾನು ಕಂಡಿದ್ದೇನೆ. ಅವರ ಸಲಹೆಯನ್ನು ಯಾವ ವಿದ್ಯಾರ್ಥಿಯ ಮೇಲೂ ಪ್ರಯೋಗಿಸಬೇಡಿರಿ.

ಮೊಬೈಲಿನಲ್ಲಿ ಸೇವೆ

ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಅದರಲ್ಲಿ ಊರ ವರ್ತಮಾನ, ಸರ್ಕಾರದ ನಿರೂಪಗಳು, ಕಥೆ, ಹಾಡುಗಳೆಲ್ಲ ಇದ್ದವು. ಮರು ವರ್ಷವೇ ಅದರ ಮುದ್ರಣ ನಮ್ಮ ನೆರೆಯ ಬಳ್ಳಾರಿಗೆ ಸಾಗಿತು. ಅದೇ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಇಡೀ ಸತ್ಯವೇದ 1831ರ ಹೊತ್ತಿಗೆ ಕನ್ನಡಕ್ಕೆ ಬಂದಿತ್ತು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಇವರೆಲ್ಲ ತಮ್ಮ ಕಾಲದ ಹೊಸ ಯಂತ್ರವನ್ನು ಬಳಸಿದರು ಎಂಬುದನ್ನು ಡಿಜಿಟಲ್ ಸೇವೆಯ ಉತ್ಸಾಹಿಗಳು ಮತ್ತೆ ಮತ್ತೆ ಹೇಳುತ್ತಾರೆ; ಅವರು ಮೊದಲು ವರ್ಷಗಟ್ಟಲೆ ಜನರ ಕನ್ನಡವನ್ನು ಕಿವಿಗೊಟ್ಟು ಕೇಳಿದರು ಎಂಬುದನ್ನು ಹೇಳುವವರು ಕಡಿಮೆ.

ನಮ್ಮ ವಿಡಿಯೊಗಳ ಮೊದಲ ರೋಗವೇ ಭಾಷೆ. "ಪ್ರಿಯರೇ, ಕರ್ತನ ಮಹಾ ಪರಿಶುದ್ಧ ನಾಮದಲ್ಲಿ" ಎಂದು ಶುರುವಾದ ಮಾತನ್ನು ಸಭೆಯಲ್ಲಿ ಬೆಳೆದವರು ಮಾತ್ರ ಮುಂದೆ ಕೇಳುತ್ತಾರೆ. ಬರೆದ ಸ್ಕ್ರಿಪ್ಟನ್ನು ಸಭೆಗೆ ಹೋಗದ ಒಬ್ಬರ ಎದುರು ಓದಿ, ಅವರು ಹುಬ್ಬು ಗಂಟಿಕ್ಕಿದ ಕಡೆ ಗುರುತು ಹಾಕಿಕೊಂಡು ತಿದ್ದಿರಿ. ನನಗೆ ಈ ಉಪಕಾರ ಮಾಡುವವರು ನನ್ನ ಮಗಳ ಟ್ಯೂಷನ್ ಟೀಚರ್. ಅವರಿಗೆ "ರಕ್ಷಣೆ" ಎಂದರೆ ಪೊಲೀಸರು ನೆನಪಾಗುತ್ತಾರಂತೆ.

ವಿಡಿಯೊಗಿಂತ ಆಡಿಯೊದಿಂದ ಆರಂಭಿಸಿರಿ. ಹಾಸ್ಟೆಲಿನ ಹುಡುಗಿ ಬಟ್ಟೆ ಒಗೆಯುತ್ತ, ಬಸ್ಸಿನಲ್ಲಿ ನಿಂತುಕೊಂಡು ಎಂಟು ನಿಮಿಷದ ಆಡಿಯೊ ಕೇಳಬಲ್ಲಳು. ನಮಗೂ ಬೆಳಕು, ಮುಖ, ಗೋಡೆಯ ಬಣ್ಣದ ಚಿಂತೆ ಇರುವುದಿಲ್ಲ. ನಮ್ಮ ರೆಕಾರ್ಡಿಂಗ್ ಬೆಳಗಿನ ಐದು ಗಂಟೆಗೆ, ಕೆಳಗಿನ ಮನೆಯ ನೀರಿನ ಮೋಟರು ಮತ್ತು ಎದುರು ಮನೆಯ ಕುಕ್ಕರಿನ ಕೂಗು ಶುರುವಾಗುವ ಮೊದಲು ನಡೆಯುತ್ತದೆ. ಕಿಟಕಿಗೆ ಅತ್ತೆ ಹೊಲಿದ ಎರಡು ಕೌದಿಗಳನ್ನು ತೂಗುಬಿಟ್ಟು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕುಳಿತರೆ ಗೋಡೆಯಿಂದ ದನಿ ಮರಳಿ ಬರುವುದಿಲ್ಲ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಫ್ಯಾನು ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿಕೊಳ್ಳಿರಿ. ಮೊದಲು ಅರ್ಧ ನಿಮಿಷ ಮಾತನಾಡಿ ಹೆಡ್‌ಫೋನಿನಲ್ಲಿ ಕೇಳಿ ನೋಡದೆ ಇಡೀ ಪಾಠವನ್ನು ಒಪ್ಪಿಸಬೇಡಿರಿ. ಮೈಕಿನ ಪಿನ್ನು ಸಡಿಲವಾಗಿದ್ದುದರಿಂದ ನಾವು ಕಳೆದುಕೊಂಡ ಬೆಳಗುಗಳಿಗೆ ಲೆಕ್ಕವಿಲ್ಲ.

ಬರಹದಲ್ಲಿ ಒಂದು ತಾಂತ್ರಿಕ ಎಚ್ಚರ ಬೇಕು. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಸಿದ ಕನ್ನಡವನ್ನು ಹಾಗೆಯೇ ವಾಟ್ಸ್ಆ್ಯಪಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನು ಯುನಿಕೋಡಿಗೆ ಪರಿವರ್ತಿಸಬೇಕು, ಇಲ್ಲವೇ ಮೊದಲಿನಿಂದಲೂ ಮೊಬೈಲಿನ ಕನ್ನಡ ಕೀಲಿಮಣೆಯಲ್ಲೇ ಬರೆಯಬೇಕು. ಕೆಲವು ವಿಡಿಯೊ ಎಡಿಟಿಂಗ್ ಆ್ಯಪುಗಳಲ್ಲಿ ಒತ್ತಕ್ಷರಗಳು ಒಡೆದು ಬೀಳುತ್ತವೆ. "ಕ್ರಿಸ್ತ" ಎಂಬ ಪದವೇ ಚೂರಾದ ಪೋಸ್ಟರುಗಳನ್ನು ನಾನು ನೋಡಿದ್ದೇನೆ. ಹಾಡುಗಳ ಬಗ್ಗೆಯೂ ಜಾಗ್ರತೆ ಬೇಕು. ಹಳೆಯ ಕೀರ್ತನೆಯ ಸಾಹಿತ್ಯಕ್ಕೆ ಹಕ್ಕಿನ ಅವಧಿ ಮುಗಿದಿದ್ದರೂ ಅದರ ಹೊಸ ರೆಕಾರ್ಡಿಂಗಿನ ಹಕ್ಕು ಅದನ್ನು ಮಾಡಿದವರದು. ಇಂದು ಬಳಕೆಯಲ್ಲಿರುವ ಪರಿಷ್ಕೃತ ಸತ್ಯವೇದದ ಪಠ್ಯಕ್ಕೂ ಪ್ರಕಾಶಕರ ಹಕ್ಕು ಇರುತ್ತದೆ, ಆದ್ದರಿಂದ ಅಧ್ಯಾಯಗಟ್ಟಲೆ ಓದಿ ಹಾಕುವ ಮೊದಲು ಅನುಮತಿ ಕೇಳಬೇಕು. ಸಂಡೇ ಸ್ಕೂಲಿನ ಕಥೆಗಳನ್ನು ಯೂಟ್ಯೂಬಿನಲ್ಲಿ ಮಕ್ಕಳಿಗಾಗಿ ಎಂದು ಗುರುತಿಸಿದರೆ ಕಾಮೆಂಟುಗಳು ತಾನಾಗಿ ಮುಚ್ಚುತ್ತವೆ, ಅದು ಒಳ್ಳೆಯದೇ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರುಗಳೂ ಎಲ್ಲರಿಗೂ ಕಾಣುತ್ತವೆ ಎಂಬುದನ್ನು ನಾವು ತಡವಾಗಿ ಗಂಭೀರವಾಗಿ ತೆಗೆದುಕೊಂಡೆವು. ಒಬ್ಬ ಅಪರಿಚಿತ ಗುಂಪಿಗೆ ಸೇರಿಕೊಂಡು ಹುಡುಗಿಯರಿಗೆ ರಾತ್ರಿ ಸಂದೇಶ ಕಳುಹಿಸತೊಡಗಿದ ಮೇಲೆ ಗುಂಪನ್ನು ಮುಚ್ಚಿ ಚಾನೆಲ್ ತೆರೆದೆವು. ಅದರಲ್ಲಿ ಹಿಂಬಾಲಿಸುವವರ ನಂಬರುಗಳು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯೂ ಆಗುತ್ತದೆ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ವಿದ್ಯಾರ್ಥಿನಿಯರ ಖಾಸಗಿ ಸಂದೇಶಗಳಿಗೆ ನಾನೇ ಉತ್ತರಿಸುತ್ತೇನೆ, ವಿದ್ಯಾರ್ಥಿಗಳದಕ್ಕೆ ನನ್ನ ಗಂಡ. ರಾತ್ರಿ ಒಂಬತ್ತರ ಮೇಲೆ ಬಂದ ಸಂದೇಶಕ್ಕೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಮರುದಿನ ಬೆಳಿಗ್ಗೆ ಉತ್ತರ. ಬೈಗುಳಕ್ಕೆ ಉತ್ತರವಿಲ್ಲ, ನಿಜವಾದ ಪ್ರಶ್ನೆಗೆ ಎಷ್ಟು ಕಟುವಾಗಿದ್ದರೂ ಉತ್ತರವಿದೆ.

ಇನ್ನು ನಮ್ಮ ಅತ್ಯಂತ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ಜಗಳೂರು ಕಡೆಯ ಹಳ್ಳಿಯಿಂದ ಬಂದಿದ್ದ ಎರಡನೆಯ ವರ್ಷದ ಹುಡುಗಿಯೊಬ್ಬಳು ನಮ್ಮ ಕೂಟದಲ್ಲಿ ತನ್ನ ಸಾಕ್ಷಿಯನ್ನು, ಅಂದರೆ ತಾನು ನಂಬಿಕೆಗೆ ಬಂದ ಬಗೆಯನ್ನು, ಕಣ್ಣೀರಿಡುತ್ತ ಹೇಳಿದಳು. ಅವಳನ್ನು ಕೇಳಿಯೇ ನಾವು ಅದನ್ನು ಚಿತ್ರೀಕರಿಸಿದೆವು, ಕೇಳಿಯೇ ಹಾಕಿದೆವು. ಹತ್ತೊಂಬತ್ತು ವರ್ಷದ ಹುಡುಗಿ ಭಾವನೆಯ ತುದಿಯಲ್ಲಿ ನಿಂತು ಹೇಳಿದ "ಹಾಕ್ರಿ ಅಕ್ಕಾ" ಎಂಬ ಮಾತನ್ನು ಒಪ್ಪಿಗೆ ಎಂದು ತಿಳಿದದ್ದು ನಮ್ಮ ಮೂರ್ಖತನ. ನಾಲ್ಕನೆಯ ದಿನ ಅವಳ ತಂದೆ ಮನೆಯ ಬಾಗಿಲಿಗೆ ಬಂದರು. ಅವರು ಕೂಗಾಡಲಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಯಲ್ಲಿ ಹಿಡಿದುಕೊಂಡು, ಮೊಬೈಲಿನ ಪರದೆಯನ್ನು ನನ್ನ ಕಡೆ ತಿರುಗಿಸಿ, "ಮೇಡಂ, ಇದನ್ನ ನಮ್ಮೂರಾಗ ಎಲ್ಲಾರೂ ನೋಡ್ಯಾರ. ನನಗ ಮೊದ್ಲು ಹೇಳಬೇಕಿತ್ತಲ್ರೀ" ಎಂದರು. ಕುಡಿಯಲು ನೀರು ಕೊಟ್ಟೆ, ಅವರು ತೆಗೆದುಕೊಳ್ಳಲಿಲ್ಲ. ವಿಡಿಯೊವನ್ನು ಆ ಕ್ಷಣವೇ ಅವರೆದುರು ಅಳಿಸಿದೆವು, ಆದರೆ ಅದು ಆಗಲೇ ಎಷ್ಟೋ ಗುಂಪುಗಳಿಗೆ ಹರಿದಿತ್ತು. ಹುಡುಗಿ ಒಂದು ಸೆಮಿಸ್ಟರ್ ಕಾಲೇಜಿಗೆ ಬರಲಿಲ್ಲ. ಅವಳು ಮತ್ತೆ ಬಂದದ್ದು ಅವಳ ತಂದೆಯ ದೊಡ್ಡತನದಿಂದಲೇ ಹೊರತು ನಮ್ಮ ಯಾವ ಜಾಣತನದಿಂದಲೂ ಅಲ್ಲ.

ಅಂದಿನಿಂದ ಓದುತ್ತಿರುವ ಯಾವ ವಿದ್ಯಾರ್ಥಿಯ ಮುಖವನ್ನೂ, ಹೆಸರನ್ನೂ, ದನಿಯನ್ನೂ, ಕಾಲೇಜಿನ ಸಮವಸ್ತ್ರವನ್ನೂ ನಾವು ಎಲ್ಲಿಯೂ ಹಾಕುವುದಿಲ್ಲ. ಬೆನ್ನು ಮಾತ್ರ ಕಾಣುವ ಫೋಟೊ ಕೂಡ ಬೇಡ, ಏಕೆಂದರೆ ಹಳ್ಳಿಯಲ್ಲಿ ಜಡೆಯಿಂದಲೂ ಗುರುತು ಹಿಡಿಯುತ್ತಾರೆ. ನೆರವು ಕೊಡುವವರು ಫೋಟೊ ಬೇಕೆಂದು ಒತ್ತಾಯಿಸಿದರೆ ಮಂಡಕ್ಕಿ ಪಾತ್ರೆಯ ಫೋಟೊ ಕಳುಹಿಸಿರಿ.

ಹಣ

ಟ್ರಸ್ಟಿನ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಬೇಕು. ವಿಡಿಯೊದ ಕೊನೆಯಲ್ಲಿ ಗಂಡನ ಸ್ವಂತ ಯುಪಿಐ ಕ್ಯೂಆರ್ ತೋರಿಸುವ ಚಾಳಿ ಇಂದೇ ನಿಲ್ಲಲಿ. ಟ್ರಸ್ಟಿಗೆ, ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಇದ್ದರೆ ರಸೀದಿ ಕೊಡಿರಿ, ಮತ್ತು 2000 ರೂಪಾಯಿಗಿಂತ ಹೆಚ್ಚಿನ ನಗದು ಕಾಣಿಕೆಗೆ ಆ ವಿನಾಯಿತಿ ಸಿಗುವುದಿಲ್ಲವೆಂದು ದಾನಿಗೆ ಮೊದಲೇ ತಿಳಿಸಿರಿ. ವಿದೇಶಿ ಪೌರರಾದ ಗೆಳೆಯರು ಪ್ರೀತಿಯಿಂದ ಕೊಡಲು ಬಂದರೂ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿಯಲ್ಲಿ ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಬಳಿಕ ನೋಂದಣಿ ಇರುವ ಸಂಸ್ಥೆಯೂ ಅದನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಬೆಂಬಲಿಗರಿಗೆ ತಿಂಗಳಿಗೊಂದು ಪ್ರಾರ್ಥನಾ ಪತ್ರ ಬರೆಯಿರಿ, ಅದರಲ್ಲಿ ಸೋಲುಗಳೂ ಇರಲಿ. ಜೂನ್ ತಿಂಗಳ ಶಾಲಾ ಫೀಸಿಗೆ ಜನವರಿಯಿಂದಲೇ ಕೂಡಿಡಿರಿ. ಮಂಡಕ್ಕಿ ಎಷ್ಟು ಅಗ್ಗವೆಂದರೂ ವಾರವಾರ ಹದಿನೈದು ಜನರಿಗೆ ಚಹಾ ಕಾಯಿಸುವ ಮನೆಯಲ್ಲಿ ಸಿಲಿಂಡರು ತಿಂಗಳು ಪೂರ್ತಿ ಬರುವುದಿಲ್ಲ. ಆ ಖರ್ಚನ್ನು ಸೇವೆಯ ಲೆಕ್ಕಕ್ಕೆ ಬರೆಯಲು ಹೆಂಡತಿಯರು ಸಂಕೋಚಪಡಬಾರದು.

ಗಂಡ, ಹೆಂಡತಿ, ಮಕ್ಕಳು

ನಮ್ಮನ್ನು ಕಳುಹಿಸಿದವರ ಮೊದಲ ಪತ್ರದಲ್ಲಿ ನನ್ನ ಗಂಡನ ಹೆಸರಿನ ಮುಂದೆ "ಸೇವಕರು" ಎಂದಿತ್ತು, ನನ್ನ ಹೆಸರು ಇದ್ದ ಜಾಗದಲ್ಲಿ "ಮತ್ತು ಕುಟುಂಬ" ಎಂದಿತ್ತು. ವರ್ಷ ತುಂಬುವ ಮೊದಲೇ ಇಬ್ಬರೂ ಕುಳಿತು ಯಾವ ಕೆಲಸ ಯಾರದೆಂದು ಬರೆದುಕೊಂಡೆವು: ವಿದ್ಯಾರ್ಥಿನಿಯರ ಗುಂಪು, ಸ್ಕ್ರಿಪ್ಟು, ಆಡಿಯೊ ನನ್ನದು, ಹುಡುಗರು, ಲೆಕ್ಕಪತ್ರ, ಭಾನುವಾರದ ಪಾತ್ರೆ ತೊಳೆಯುವುದು ಅವರದು. ಕೊನೆಯದನ್ನು ಹಾಸ್ಯಕ್ಕೆ ಬರೆದದ್ದಲ್ಲ. ಎಂಜಿನಿಯರಿಂಗ್ ಹುಡುಗರು ಒಬ್ಬ ಗಂಡಸು ಮುಸುರೆ ತಿಕ್ಕುವುದನ್ನು ನಿಂತು ನೋಡುತ್ತಾರೆ, ಕೆಲವರು ತೋಳೇರಿಸಿ ಪಕ್ಕದಲ್ಲಿ ಕೂರುತ್ತಾರೆ.

ಮಕ್ಕಳು ಸೇವೆಯ ಅಲಂಕಾರವಲ್ಲ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳು ಕೀರ್ತನೆ ಹಾಡಿದ ವಿಡಿಯೊಗೆ ಬಹಳ ಮೆಚ್ಚುಗೆ ಬಂತು. ಶಾಲೆಯಲ್ಲಿ ಯಾರೋ ಅದನ್ನು ಅಣಕಿಸಿದರು. ಮನೆಗೆ ಬಂದು ಬ್ಯಾಗು ಇಳಿಸುವ ಮೊದಲೇ, "ಅಮ್ಮಾ, ಇನ್ನ ಮ್ಯಾಲೆ ನನ್ನ ವಿಡಿಯೊ ಹಾಕಬ್ಯಾಡ" ಎಂದಳು. ಹಾಕಲಿಲ್ಲ. ಅವಳ ಆ ಮಾತು ಜಗಳೂರಿನ ಆ ತಂದೆ ಬರುವ ಒಂದು ವರ್ಷ ಮೊದಲಿನದು. ಮನೆಯಲ್ಲೇ ಸಿಕ್ಕ ಪಾಠವನ್ನು ಹೊರಗಿನವರ ಮಕ್ಕಳಿಗೂ ಅನ್ವಯಿಸಿಕೊಳ್ಳಲು ನಮಗೆ ಅಷ್ಟು ದಿನ ಬೇಕಾಯಿತು. ಮಕ್ಕಳಿಗೆ ಕೂಟದಲ್ಲಿ ಕೂರುವ ಕಡ್ಡಾಯವೂ ಇಲ್ಲ. ಮಗ ಆ ಹೊತ್ತಿನಲ್ಲಿ ಕೆಳಗಿನ ಅಜ್ಜಿಯ ಜೊತೆ ಟಿ.ವಿ. ನೋಡುತ್ತಾನೆ.

ವರ್ಷದ ಕೊನೆಗೆ

ಅಂತಿಮ ವರ್ಷದವರು ಊರು ಬಿಡುವಾಗ ಹಾಡು, ಫೋಟೊ, ಕಣ್ಣೀರಿಗೆ ಕೊರತೆ ಇರುವುದಿಲ್ಲ. ಬೇಕಾದ ಎರಡು ಕೆಲಸಗಳು ಮಾತ್ರ ಮರೆತುಹೋಗುತ್ತವೆ. ಮೊದಲನೆಯದು, ಅವರು ಕೆಲಸಕ್ಕೆ ಹೋಗುವ ಊರಿನಲ್ಲಿ ಹತ್ತಿರವಿರುವ ಒಂದು ಸಭೆಯ ವಿಳಾಸವನ್ನು ಮತ್ತು ಅಲ್ಲಿ ಅವರನ್ನು ಕಾಯುವ ಒಬ್ಬರ ನಂಬರನ್ನು ಬರೆದು ಕೈಗೆ ಕೊಡುವುದು. ಆ ಒಬ್ಬರಿಗೆ ಮೊದಲೇ ಫೋನು ಮಾಡಿ ತಿಳಿಸಿರಬೇಕು. ಎರಡನೆಯದು, ಆ ವರ್ಷದ ಹಾಜರಿ ಪುಸ್ತಕ, ನಂಬರುಗಳ ಪಟ್ಟಿ ಮತ್ತು ಪ್ರಾರ್ಥನಾ ವಿಷಯಗಳ ಚೀಟಿಗಳನ್ನು ನಾಶ ಮಾಡುವುದು. ಯಾರ ಮನೆಯ ಕಷ್ಟ, ಯಾರ ಕಾಯಿಲೆ, ಯಾರ ಪ್ರೇಮ ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ನಾವು ಕಾಗದಗಳನ್ನು ಹರಿದು ನೀರು ಕಾಯಿಸುವ ಒಲೆಗೆ ಹಾಕುತ್ತೇವೆ, ಮೊಬೈಲಿನ ಹಳೆಯ ಪಟ್ಟಿಗಳನ್ನು ಇಬ್ಬರೂ ಕುಳಿತು ಅಳಿಸುತ್ತೇವೆ. ಹೊಸ ಬ್ಯಾಚು ಬರುವ ಹೊತ್ತಿಗೆ ಹೊಸ ಪುಸ್ತಕದ ಮೊದಲ ಪುಟದಲ್ಲಿ ಭಾನುವಾರದ ಸಮಯವಷ್ಟೇ ಬರೆದಿರುತ್ತದೆ: ಐದರಿಂದ ಏಳೂವರೆ.